ದುಡಿದ ಮೈ, ಪಳಗಿದ ಮೈ

ದಾವಣಗೆರೆ ಜಿಲ್ಲೆಯ ಉಬ್ರಾಣಿ ಹೋಬಳಿಯ ಯಾವ ಊರಿನ ಕಟ್ಟೆಯ ಮೇಲೆ ಕೂತರೂ ಹಳಬರ ಮಾತು ಬಂದ ಕೂಡಲೇ ಒಂದೇ ತೀರ್ಮಾನ ಹೊರಡುತ್ತದೆ: ಆಗಿನವರ ಮೈಯೇ ಬೇರೆ, ಎಂಬತ್ತರಲ್ಲೂ ಮೂಟೆ ಎತ್ತುತ್ತಿದ್ದರು, ಚನ್ನಗಿರಿ ಸಂತೆಗೆ ನಡೆದೇ ಹೋಗಿ ನಡೆದೇ ಬರುತ್ತಿದ್ದರು, ಈಗಿನವರಿಗೆ ಐವತ್ತಕ್ಕೇ ಮಂಡಿ ನೋವು. ನನ್ನ ನೆನಪಿನಲ್ಲೂ ಅಂಥ ಮುದುಕರಿದ್ದಾರೆ, ಅಂಥ ಮುದುಕಿಯರಿದ್ದಾರೆ. ಆದರೆ ನೆನಪನ್ನು ಸಾಕ್ಷಿಗೆ ನಿಲ್ಲಿಸುವ ಮೊದಲು ಅದನ್ನೂ ಒಂದಿಷ್ಟು ವಿಚಾರಿಸಬೇಕು. ಸ್ವಾತಂತ್ರ್ಯ ಬಂದ ಹೊತ್ತಿಗೆ ಭಾರತೀಯರ ಸರಾಸರಿ ಆಯಸ್ಸು 40 ವರ್ಷವನ್ನೂ ಮುಟ್ಟಿರಲಿಲ್ಲ. ಆ ಅಂಕಿಯನ್ನು ಕೆಳಕ್ಕೆ ಎಳೆದದ್ದು ಮುಖ್ಯವಾಗಿ ಶಿಶುಮರಣ, ನಿಜ. ಆದರೂ ನಡುವಯಸ್ಸಿನಲ್ಲಿ ಕ್ಷಯಕ್ಕೆ, ಮಲೇರಿಯಾಕ್ಕೆ, ಹೆರಿಗೆಗೆ ತುತ್ತಾದವರೂ ಕಡಿಮೆಯಿರಲಿಲ್ಲ. ಸೊಂಟ ಬಿದ್ದು ಅರವತ್ತಕ್ಕೇ ನಡುಮನೆಯ ಮೂಲೆ ಹಿಡಿದವರೂ ಇದ್ದರು. ಅವರು ಕಟ್ಟೆಗೆ ಬರಲಿಲ್ಲ, ಹಾಗಾಗಿ ಕಟ್ಟೆಯ ನೆನಪಿನಲ್ಲೂ ಇಲ್ಲ. ಉಳಿದವರನ್ನಷ್ಟೇ ನೋಡಿ, ಅವರನ್ನು ಉಳಿಸಿದ್ದು ದುಡಿತವೇ ಎಂದು ನಂಬಿಬಿಟ್ಟೆವು. ದುಡಿಯುವವನಿಗೆ ಬೇರೆ ಕಸರತ್ತು ಯಾಕೆ ಎಂಬ ಮಾತು ಹುಟ್ಟಿದ್ದು ಇದರಿಂದಲೇ. ನನ್ನ ತಕರಾರು ಈ ಮಾತಿನ ಮೇಲೆ. ದುಡಿತ ಮೈಯನ್ನು ಬಳಸಿಕೊಳ್ಳುತ್ತದೆ. ಅದನ್ನು ಮುಪ್ಪಿಗೆ ಸಜ್ಜುಗೊಳಿಸುವುದು ಬೇರೆಯೇ ಕೆಲಸ. ಆ ಕೆಲಸ ನಮ್ಮ ಸೀಮೆಗೆ ಒಂದು ಕಾಲಕ್ಕೆ ಚೆನ್ನಾಗಿ ಗೊತ್ತಿತ್ತು.

ಮೊದಲು ದುಡಿತದ ಸ್ವರೂಪವನ್ನೇ ನೋಡೋಣ, ಯಾಕೆಂದರೆ ನಮ್ಮ ಕಣ್ಣೆದುರೇ ಅದು ಪೂರಾ ಬದಲಾಗಿದೆ. ಮಳೆ ನಂಬಿದ ಹೊಲದಲ್ಲಿ ರಾಗಿ, ಜೋಳ, ಹತ್ತಿ ಬೆಳೆಯುತ್ತಿದ್ದಾಗ ವರ್ಷದ ಒಂದೊಂದು ತಿಂಗಳಿಗೆ ಮೈಗೆ ಒಂದೊಂದು ಬಗೆಯ ಕೆಲಸವಿತ್ತು. ಉಳುಮೆಗೆ ನಡಿಗೆ, ಕಳೆಗೆ ಕುಕ್ಕರಗಾಲು, ಕೊಯ್ಲಿಗೆ ಬಗ್ಗುವುದು, ಬಣವೆ ಒಟ್ಟಲು ತಲೆಯ ಮೇಲೆತ್ತುವುದು, ಕಣದಲ್ಲಿ ತೂರಲು ಭುಜ. ಕೊಳವೆಬಾವಿ ಬಂತು, ಭದ್ರೆಯ ನೀರನ್ನು ಮೇಲೆತ್ತಿ ಕೆರೆಗೆ ಹರಿಸುವ ಉಬ್ರಾಣಿ ಏತ ನೀರಾವರಿ ಬಂತು, ಹೊಲಗಳು ಒಂದೊಂದಾಗಿ ಅಡಿಕೆ ತೋಟವಾದವು. ತೋಟ ಒಳ್ಳೆಯದೇ ಮಾಡಿತು. ಅಡಿಕೆಯ ದುಡ್ಡು ಮಕ್ಕಳನ್ನು ಓದಿಸಿದೆ, ಹೆಂಚಿನ ಮನೆಗೆ ತಾರಸಿ ಹಾಕಿಸಿದೆ. ಆದರೆ ತೋಟದ ಯಜಮಾನನ ಮೈಗೆ ವರ್ಷದ ಬಹುಪಾಲು ಏನು ಕೆಲಸ? ಮೋಟಾರು ಹಾಕಲು ಈಗ ಗುಂಡಿಯವರೆಗೂ ನಡೆಯಬೇಕಿಲ್ಲ, ಮಂಚದ ಮೇಲೆ ಕೂತೇ ಮೊಬೈಲ್ ಸ್ಟಾರ್ಟರಿನಲ್ಲಿ ಆಗುತ್ತದೆ. ತೋಟದವರೆಗೆ ಬೈಕು, ಬದುವಿನವರೆಗೂ ಬೈಕು. ಕೊಯ್ಲನ್ನು ಖೇಣಿ, ಅಂದರೆ ಗುತ್ತಿಗೆ, ಕೊಟ್ಟರೆ ಅಡಿಕೆಯನ್ನು ಮುಟ್ಟುವ ಪ್ರಮೇಯವೂ ಇಲ್ಲ. ಅದೇ ಊರಿನ ಕೂಲಿಯವರ ಮೈಗೆ ಇದರ ತದ್ವಿರುದ್ಧ: ಸುಗ್ಗಿಯ ನಾಲ್ಕಾರು ತಿಂಗಳು ಒಂದೇ ಕೆಲಸ, ಅದೇ ಚಲನೆ, ಬೆಳಗಿನಿಂದ ರಾತ್ರಿಯವರೆಗೆ. ಒಬ್ಬರದು ಕೆಲಸವಿಲ್ಲದೆ ಸೊರಗುವ ಮೈ, ಇನ್ನೊಬ್ಬರದು ಒಂದೇ ಕೆಲಸದಿಂದ ಸವೆಯುವ ಮೈ. ಇಬ್ಬರೂ ಅರವತ್ತಕ್ಕೆ ಬಂದು ಸೇರುವುದು ಒಂದೇ ವೈದ್ಯರ ಬಾಗಿಲಿಗೆ.

ಅಡಿಕೆ ಸುಲಿಸುವ ಖೇಣಿ ಮನೆಯ ಅಂಗಳವನ್ನು ಹತ್ತಿರದಿಂದ ನೋಡಿದವರಿಗೆ ನಾನು ಹೇಳುವುದು ಬೇಗ ತಿಳಿಯುತ್ತದೆ. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವ ಹೆಂಗಸು ಒಂದು ಮಂಡಿ ಮಡಚಿ, ಕತ್ತಿಯ ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದು ಕೂರುತ್ತಾಳೆ. ಕಾಯಿಯನ್ನು ಅಲಗಿಗೆ ಒತ್ತಿ, ಮುಂಗೈ ತಿರುಚಿ, ಸಿಪ್ಪೆ ಬಿಡಿಸಿ, ಅಡಿಕೆಯನ್ನು ಬುಟ್ಟಿಗೆ ಹಾಕಿ ಮತ್ತೊಂದು ಕಾಯಿಗೆ ಕೈ ಹಾಕುವಷ್ಟರಲ್ಲಿ ಒಂದೆರಡು ಉಸಿರಿನ ಹೊತ್ತೂ ಕಳೆದಿರುವುದಿಲ್ಲ. ಬೆನ್ನು ಬಾಗಿದ್ದು ಬಾಗಿದಂತೆಯೇ, ಕತ್ತು ತಗ್ಗಿದ್ದು ತಗ್ಗಿದಂತೆಯೇ; ಇಡೀ ದೇಹದಲ್ಲಿ ಆಡುವುದು ಮುಂಗೈ ಮತ್ತು ಬೆರಳು ಮಾತ್ರ. ಸಂಜೆಗೆ ಅವಳಿಗೆ ಮೈ ಮುರಿಯುವಷ್ಟು ದಣಿವಾಗುತ್ತದೆ, ಆದರೆ ತೊಡೆಗೆ, ಸೊಂಟಕ್ಕೆ, ಎದೆಗೆ ಆ ದಣಿವಿನಿಂದ ಒಂದಿಷ್ಟೂ ಬಲ ಬಂದಿರುವುದಿಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 1 ಲಕ್ಷಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ದೊಡ್ಡ ಮಟ್ಟದಲ್ಲಿ ತೋರಿಸಿತು. ಬಿಡುವಿನ ವೇಳೆಯಲ್ಲಿ ಮೈ ದಂಡಿಸುವವರಿಗೆ ಹೃದ್ರೋಗವೂ ಸಾವೂ ಕಡಿಮೆ. ಉದ್ಯೋಗದಲ್ಲಿ ಮೈ ದಂಡಿಸುವವರಿಗೆ ಹೆಚ್ಚು. ಧೂಮಪಾನ, ಆದಾಯ, ಓದು ಇವುಗಳ ಪ್ರಭಾವವನ್ನು ಲೆಕ್ಕದಿಂದ ತೆಗೆದರೂ ಅಂತರ ಉಳಿಯಿತು. ಬಡತನವನ್ನು ಪೂರ್ತಿಯಾಗಿ ಲೆಕ್ಕದಿಂದ ತೆಗೆಯಲು ಬರುವುದಿಲ್ಲ ಎಂಬ ಟೀಕೆಯಿದೆ, ಅದನ್ನು ನಾನು ಒಪ್ಪುತ್ತೇನೆ. ಆದರೂ ಕಾರಣ ಊಹಿಸುವುದು ಕಷ್ಟವಲ್ಲ. ಕಸರತ್ತಿನಲ್ಲಿ ಭಾರ ಹೆಚ್ಚು, ಹೊತ್ತು ಕಡಿಮೆ, ನಡುವೆ ವಿಶ್ರಾಂತಿ, ಮಾರನೆಯ ದಿನ ಬಿಡುವು. ಕೂಲಿಯಲ್ಲಿ ಭಾರ ಕಡಿಮೆ, ಹೊತ್ತು ದೀರ್ಘ, ವಿಶ್ರಾಂತಿ ನಮ್ಮ ಕೈಯಲ್ಲಿಲ್ಲ. ಹೃದಯ ಇಡೀ ದಿನ ಸ್ವಲ್ಪ ಜೋರಾಗಿ ಬಡಿಯುತ್ತಲೇ ಇರುತ್ತದೆ, ಚೇತರಿಸಿಕೊಳ್ಳಲು ರಾತ್ರಿಯೂ ಸಾಲದು.

ಈ ವ್ಯತ್ಯಾಸ ಗರಡಿಮನೆಗೆ ಗೊತ್ತಿತ್ತು. ದಾವಣಗೆರೆ ಕುಸ್ತಿಯ ಊರು. ದುಗ್ಗಮ್ಮನ ಜಾತ್ರೆಯ ಕುಸ್ತಿಯಿಂದ ಹಿಡಿದು ಇಂದಿನ ಕ್ರೀಡಾ ವಸತಿ ನಿಲಯದ ಪೈಲ್ವಾನರವರೆಗೆ ಆ ಹೆಸರು ನಡೆದು ಬಂದಿದೆ. ಹೊನ್ನಾಳಿ, ಚನ್ನಗಿರಿ ಕಡೆಯ ಹಳ್ಳಿಗಳಲ್ಲೂ ಹನುಮಪ್ಪನ ಪಟದ ಕೆಳಗೆ ಕೆಮ್ಮಣ್ಣಿನ ಅಖಾಡವಿತ್ತು, ಮೂಲೆಯಲ್ಲಿ ಗದೆ, ಕರಲಾಕಟ್ಟೆ, ಗುಂಡುಕಲ್ಲು. ಹಗಲೆಲ್ಲ ಹೊಲ ಉತ್ತವರೇ ನಸುಕಿನಲ್ಲಿ ಅಲ್ಲಿಗೆ ಬಂದು ಬಸ್ಕಿ, ದಂಡ ಹೊಡೆಯುತ್ತಿದ್ದರು ಎಂಬುದನ್ನು ಮರೆಯಬಾರದು. ದುಡಿಯುವವನಿಗೆ ಕಸರತ್ತು ಯಾಕೆಂದು ಆ ಜನ ಕೇಳಲಿಲ್ಲ. ಉಸ್ತಾದ್ ಹೊಸ ಹುಡುಗನಿಗೆ ಮೊದಲ ದಿನವೇ ದೊಡ್ಡ ಗುಂಡು ಎತ್ತಿಸುತ್ತಿರಲಿಲ್ಲ. ಎಣಿಕೆ ವಾರವಾರಕ್ಕೆ ಏರುತ್ತಿತ್ತು, ಸಾಮಿನ ನಂತರ ಮಾಲೀಸು, ಆಮೇಲೆ ಬಾದಾಮಿ ಹಾಲು. ನನಗೆ ಇದಕ್ಕಿಂತಲೂ ಮುಖ್ಯವೆನಿಸುವುದು, ಅಖಾಡ ಬಿಟ್ಟ ಪೈಲ್ವಾನ ಗರಡಿ ಬಿಡುತ್ತಿರಲಿಲ್ಲ. ಐವತ್ತರಲ್ಲಿ ಪಟ್ಟು ಹಾಕುವುದು ನಿಂತರೂ ಬಸ್ಕಿ ನಿಲ್ಲುತ್ತಿರಲಿಲ್ಲ, ಅರವತ್ತರಲ್ಲಿ ಹಗುರ ಗದೆ, ಆಮೇಲೆ ಹುಡುಗರ ಮೈ ತಿಕ್ಕುವುದು, ಮಣ್ಣು ಅಗೆದು ಹದ ಮಾಡುವುದು. ವಯಸ್ಸಿಗೆ ತಕ್ಕ ಭಾರವನ್ನು ಆ ಮನೆ ಒಬ್ಬೊಬ್ಬರಿಗೂ ಎತ್ತಿಟ್ಟಿತ್ತು. ಇದನ್ನು ಹೊಗಳುವಾಗಲೇ ಹೇಳಬೇಕು: ಆ ಬಾಗಿಲು ಹೆಂಗಸರಿಗೆ ಎಂದೂ ತೆರೆದಿರಲಿಲ್ಲ. ಮುಟ್ಟು ನಿಂತ ಮೇಲಿನ ವರ್ಷಗಳಲ್ಲಿ ಮೂಳೆ ಗಂಡಸರಿಗಿಂತ ಬೇಗ ಟೊಳ್ಳಾಗುವುದು ಅವರಿಗೇ, ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಳ್ಳುವವರಲ್ಲಿ ಹೆಚ್ಚಿನವರೂ ಅವರೇ. ಯಾರಿಗೆ ಹೆಚ್ಚು ಬೇಕಿತ್ತೋ ಅವರಿಗೇ ಅದು ಸಿಕ್ಕಲಿಲ್ಲ.

ಮುಪ್ಪು ಮೈಯಿಂದ ಏನನ್ನು ಮೊದಲು ಕಿತ್ತುಕೊಳ್ಳುತ್ತದೆ ಎಂಬುದು ಈಗ ಸಾಕಷ್ಟು ಸ್ಪಷ್ಟವಾಗಿದೆ. ಮೂವತ್ತು ದಾಟಿದ ಮೇಲೆ ಪ್ರತಿ 10 ವರ್ಷಕ್ಕೆ ಸ್ನಾಯುವಿನ ಶೇಕಡಾ 3ರಿಂದ 8ರಷ್ಟು ಕರಗುತ್ತದೆ, ಅರವತ್ತರ ನಂತರ ಇನ್ನೂ ಬೇಗ. ಕರಗುವುದರಲ್ಲೂ ಸರದಿಯಿದೆ: ನಿಧಾನ ನಡಿಗೆಗೆ ಬೇಕಾದ ಎಳೆಗಳು ತಡೆದುಕೊಳ್ಳುತ್ತವೆ, ಥಟ್ಟನೆ ಬಲ ಹಾಕುವ ಎಳೆಗಳು ಮೊದಲು ಸೊರಗುತ್ತವೆ. ಎಡವಿದಾಗ ಇನ್ನೊಂದು ಕಾಲನ್ನು ಚಕ್ಕನೆ ಮುಂದಿಟ್ಟು ಮೈಯನ್ನು ಹಿಡಿದು ನಿಲ್ಲಿಸುವುದು ಈ ಎರಡನೆಯ ಬಗೆಯವೇ. ದಿನಾ ಬೆಳಿಗ್ಗೆ ರಸ್ತೆಯಲ್ಲಿ ಎರಡು ಮೈಲಿ ವಾಕಿಂಗ್ ಮಾಡುವವರೂ ಹೊಸ್ತಿಲಲ್ಲಿ ಎಡವಿ ಬೀಳುವುದು ಇದಕ್ಕೇ. ವಾಕಿಂಗ್ ಹೃದಯಕ್ಕೆ, ಸಕ್ಕರೆಗೆ ಒಳ್ಳೆಯದು, ಅದನ್ನು ಬಿಡಿ ಎನ್ನುವವನು ನಾನಲ್ಲ. ಆದರೆ ವಾಕಿಂಗ್ ಒಂದೇ ಸಾಕೆಂಬ ನಂಬಿಕೆ ಪೇಟೆಯಿಂದ ಹಳ್ಳಿಗೂ ಬಂದು ಕೂತಿದೆ, ಅದು ಸಾಲದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸೂಚನೆಯಲ್ಲೇ 65 ದಾಟಿದವರಿಗೆ ವಾರಕ್ಕೆ 150 ನಿಮಿಷದ ಚಟುವಟಿಕೆಯ ಜೊತೆಗೆ ಬಲ ಮತ್ತು ಸಮತೋಲನ ಕಾಯುವ ಅಭ್ಯಾಸ ವಾರಕ್ಕೆ 3 ದಿನವಾದರೂ ಬೇಕೆಂದಿದೆ. ಬ್ರೆಜಿಲ್‌ನಲ್ಲಿ 51ರಿಂದ 80 ವಯಸ್ಸಿನ 2,002 ಜನರನ್ನು ನೆಲದ ಮೇಲೆ ಕೂರಿಸಿ ಎಬ್ಬಿಸಿ ನೋಡಿದರು. ಕೈಯೂರದೆ, ಮಂಡಿಯೂರದೆ ಕೂತು ಏಳಬಲ್ಲವರಿಗಿಂತ ಅದಾಗದವರಲ್ಲಿ ಮುಂದಿನ ವರ್ಷಗಳ ಸಾವು ಬಹಳ ಹೆಚ್ಚಿತ್ತು. ನಮ್ಮ ಮನೆಗಳಲ್ಲಿ ಈ ಪರೀಕ್ಷೆ ದಿನಕ್ಕೆ ಹತ್ತಾರು ಸಲ ತಾನಾಗಿ ನಡೆಯುತ್ತಿತ್ತು: ಊಟಕ್ಕೆ ನೆಲ, ಪೂಜೆಗೆ ನೆಲ, ಒಲೆಯ ಮುಂದೆ ನೆಲ. ಕಲ್ಯಾಣ ಮಂಟಪದ ಟೇಬಲ್ಲು ಮನೆಯೊಳಗೂ ಬಂತು, ನೆಲ ನಮಗೆ ದೂರವಾಯಿತು.

ಹೋದ ಬಲ ಮರಳಿ ಬರುತ್ತದೆಯೇ ಎಂಬುದು ನ್ಯಾಯವಾದ ಪ್ರಶ್ನೆ. 1990ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ವೃದ್ಧರ ಆರೈಕೆ ಕೇಂದ್ರದಲ್ಲಿದ್ದ, 90ರ ಆಚೀಚೆ ವಯಸ್ಸಿನ 10 ಜನರಿಗೆ 8 ವಾರ ತೊಡೆಯ ಸ್ನಾಯುವಿಗೆ ಭಾರದ ಸಾಮು ಮಾಡಿಸಿದರು. ಒಬ್ಬರು ನಡುವೆ ಬಿಟ್ಟರು. ಉಳಿದವರ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಏರಿತು, ನಡಿಗೆ ಚುರುಕಾಯಿತು. ಚಿಕ್ಕ ಅಧ್ಯಯನವೆಂದು ಬಿಡುವಂತಿಲ್ಲ. ನಾಲ್ಕು ವರ್ಷಗಳ ಮೇಲೆ ಅವರೇ 100 ಜನರ ಮೇಲೆ ಮಾಡಿದ ಪ್ರಯೋಗವೂ ಅದನ್ನೇ ಹೇಳಿತು. ಬಲ ಉಳಿದವರು ಹೆಚ್ಚು ಕಾಲ ಉಳಿಯುತ್ತಾರೆ ಎಂಬುದಕ್ಕೆ ನಮ್ಮ ನಾಡಿನ ಪುರಾವೆಯೂ ಉಂಟು. 17 ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರ ಮುಷ್ಟಿಯ ಹಿಡಿತ ಅಳೆದ ಪ್ಯೂರ್ ಅಧ್ಯಯನದ ಭಾರತದ ಕೆಲಸ ನಡೆದದ್ದು ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಮುಂದಾಳ್ತನದಲ್ಲಿ. ಹಿಡಿತ 5 ಕಿಲೋದಷ್ಟು ಕಡಿಮೆಯಾದಂತೆ ಸಾವಿನ ಅಪಾಯ ಶೇಕಡಾ 16ರಷ್ಟು ಹೆಚ್ಚುವುದು 2015ರಲ್ಲಿ ಅದರಿಂದ ಗೊತ್ತಾಯಿತು. ಹಿಡಿತವೊಂದನ್ನೇ ಬಲಪಡಿಸಿದರೆ ಆಯಸ್ಸು ಬೆಳೆಯುತ್ತದೆಂದು ಇದರ ಅರ್ಥವಲ್ಲ. ಹಿಡಿತ ಇಡೀ ಮೈಯ ಸ್ಥಿತಿಯನ್ನು ಹೇಳುವ ಗುರುತು, ಅಷ್ಟೆ.

ಬದಲಾದ ಮೈಗೆ ಅಭ್ಯಾಸವನ್ನು ಹೇಗೆ ಬದಲಾಯಿಸಬೇಕೆಂದು ತೋರಿಸಿದವರು ಕೂಡ ದೂರದವರಲ್ಲ. ತಿರುಮಲೈ ಕೃಷ್ಣಮಾಚಾರ್ಯರು 1888ರಲ್ಲಿ ಹುಟ್ಟಿದ್ದು ಚಿತ್ರದುರ್ಗ ಸೀಮೆಯಲ್ಲಿ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ನಮ್ಮ ಜಿಲ್ಲೆಯ ಜಗಳೂರು ಇದ್ದದ್ದೂ ಅದೇ ಚಿತ್ರದುರ್ಗದಲ್ಲಿ. ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಹುಡುಗರಿಗೆ ಬೆವರಿಳಿಯುವ ಆಸನಗಳನ್ನು ಕಲಿಸಿದ, 1934ರಲ್ಲಿ ಕನ್ನಡದಲ್ಲೇ ‘ಯೋಗ ಮಕರಂದ’ ಬರೆದ ಈ ಗುರು, ಮದರಾಸಿಗೆ ಹೋದ ಮೇಲೆ ಒಬ್ಬೊಬ್ಬರ ವಯಸ್ಸು, ರೋಗ, ಉಸಿರು ನೋಡಿ ಒಬ್ಬೊಬ್ಬರಿಗೆ ಬೇರೆ ಬೇರೆ ಅಭ್ಯಾಸ ಕೊಡುತ್ತಿದ್ದರು. 96ರಲ್ಲಿ ಸೊಂಟದ ಮೂಳೆ ಮುರಿದಾಗ ಹಾಸಿಗೆಯಲ್ಲೇ ಮಾಡಬಲ್ಲ ಅಭ್ಯಾಸವೊಂದನ್ನು ತಮಗೆ ತಾವೇ ಕಟ್ಟಿಕೊಂಡರೆಂದು ಅವರ ಜೀವನ ಬರೆದವರು ಹೇಳುತ್ತಾರೆ. (ಶಸ್ತ್ರಚಿಕಿತ್ಸೆ ಬೇಡವೆಂದರು ಎಂಬ ಭಾಗವನ್ನು ಯಾರೂ ಅನುಸರಿಸಬಾರದು, ಇಂದು ಆ ಚಿಕಿತ್ಸೆಯೇ ಮುದುಕರನ್ನು ಬೇಗ ಎಬ್ಬಿಸಿ ನಿಲ್ಲಿಸುವುದು.) ಅವರ ಶಿಷ್ಯ, ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಇನ್ನೂ ಸ್ಪಷ್ಟವಾದ ಉದಾಹರಣೆ. ಅರವತ್ತು ದಾಟಿದ ಮೇಲೆ, 1979ರಲ್ಲಿ, ಸ್ಕೂಟರ್ ಅಪಘಾತದಿಂದ ಬೆನ್ನಿಗೂ ಭುಜಕ್ಕೂ ಪೆಟ್ಟು ಬಿತ್ತು. ಹಳೆಯ ಭಂಗಿಗಳು ಕೈಗೆಟುಕಲಿಲ್ಲ. ಅವರು ಹಗ್ಗ, ಪಟ್ಟಿ, ಇಟ್ಟಿಗೆಯಂಥ ಮರದ ತುಂಡು, ಕುರ್ಚಿಗಳ ಆಸರೆಯಲ್ಲಿ ಮೊದಲಿನಿಂದ ಶುರು ಮಾಡಿದರು, 2014ರಲ್ಲಿ 95ರ ವಯಸ್ಸಿನಲ್ಲಿ ತೀರಿಕೊಳ್ಳುವ ಕೆಲ ಕಾಲದ ಹಿಂದಿನವರೆಗೂ ಮುಂದುವರಿಸಿದರು. ಇಂಥವರು ಕೋಟಿಗೊಬ್ಬರು, ಸಾಮಾನ್ಯರಿಗೆ ಇವರ ಲೆಕ್ಕ ಹಿಡಿಯದು ಎಂದರೆ ಒಪ್ಪುತ್ತೇನೆ. ಅವರ ದೀರ್ಘಾಯುಷ್ಯವನ್ನು ನಾನು ಪುರಾವೆಯಾಗಿ ತರುತ್ತಿಲ್ಲ. ಅವರ ಕ್ರಮ ಮಾತ್ರ ಎಲ್ಲರಿಗೂ ಹಿಡಿಯುತ್ತದೆ: ಭಾರವನ್ನು ಬಿಡಲಿಲ್ಲ, ಅದನ್ನು ಹೊರುವ ಬಗೆಯನ್ನು ಬದಲಿಸಿದರು.

ನಮ್ಮ ತೋಟಗಳಲ್ಲೂ ಇಂಥ ಬದಲಾವಣೆ ಆಗಿದೆ, ಯಾರೂ ಅದನ್ನು ಈ ಕಣ್ಣಿನಿಂದ ನೋಡಿಲ್ಲ. ಕಾಲಿಗೆ ತಳೆ ಹಾಕಿ ಅಡಿಕೆ ಮರ ಹತ್ತಿ, ತುದಿಯಲ್ಲಿ ಮರವನ್ನೇ ತೂಗಿ ಪಕ್ಕದ ಮರಕ್ಕೆ ದಾಟುತ್ತಿದ್ದ ಕೊನೆಗಾರರು ಅಪರೂಪವಾದರು. ಅವರ ಜಾಗಕ್ಕೆ ನೆಲದ ಮೇಲೆ ನಿಂತೇ ಕೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಂತು. ಬಿದ್ದು ಬೆನ್ನುಮೂಳೆ ಮುರಿದುಕೊಂಡವರ ಮನೆಗಳನ್ನು ಬಲ್ಲ ಯಾರೂ ಈ ದೋಟಿಗೆ ಎದುರಾಡಲಾರರು, ನಾನಂತೂ ಆಡುವುದಿಲ್ಲ. ಐವತ್ತು ದಾಟಿದವರೂ ಕೊಯ್ಲಿಗೆ ನಿಲ್ಲುವಂತಾಯಿತು. ಆದರೆ ಅರವತ್ತು ಅಡಿ ಎತ್ತರದ ತುದಿಯನ್ನು ಕೊನೆಯ ಬುಡಕ್ಕೆ ಸಿಕ್ಕಿಸಲು ಕತ್ತನ್ನು ಹಿಂದಕ್ಕೆ ಬಾಗಿಸಿ, ತೋಳೆತ್ತಿ, ದಿನವೆಲ್ಲ ಆಕಾಶ ನೋಡಬೇಕು. ಕಾಲಿನ ಭಾರ ಕತ್ತಿಗೆ ಬಂತು. ಯಂತ್ರ ಬಂದಾಗಲೆಲ್ಲ ಹೀಗೆಯೇ: ಒಂದು ಅಂಗಕ್ಕೆ ಬಿಡುವು, ಇನ್ನೊಂದಕ್ಕೆ ಹೊರೆ. ಬಿಡುವಾದ ತೊಡೆಗೂ ಬೆನ್ನಿಗೂ ಬೇರೆ ಕೆಲಸ ಕೊಡಬೇಕು, ಹೊರೆ ಬಿದ್ದ ಕತ್ತಿಗೆ ನಡುನಡುವೆ ವಿಶ್ರಾಂತಿ ಬೇಕು. ದೋಟಿ ಕೊಂಡವರು ಈ ಎರಡನ್ನೂ ಮರೆತಿದ್ದೇವೆ.

ಮಂಡಿಯ ಮಾತು ಬೇರೆಯಾಗಿಯೇ ಆಡಬೇಕು, ಯಾಕೆಂದರೆ ಎಲ್ಲರ ಆಕ್ಷೇಪ ಅಲ್ಲಿಗೇ ಬಂದು ನಿಲ್ಲುತ್ತದೆ. ಮಂಡಿ ಸವೆದಿದೆ, ಕೂತು ಏಳಿ ಎಂದರೆ ಇನ್ನಷ್ಟು ಸವೆಯುವುದಿಲ್ಲವೇ? ಬೀಜಿಂಗ್‌ನಲ್ಲಿ ನಡೆದ, 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಯೌವನದಲ್ಲಿ ದಿನಕ್ಕೆ 3 ಗಂಟೆ ಅಥವಾ ಹೆಚ್ಚು ಕುಕ್ಕರಗಾಲಲ್ಲಿ ಕೂತವರಿಗೆ ಮುಪ್ಪಿನಲ್ಲಿ ಮಂಡಿ ಸವೆತ ಸುಮಾರು ಎರಡು ಪಟ್ಟು ಕಂಡಿತು. ಇದು ನನ್ನ ವಾದಕ್ಕೆ ಎದುರಲ್ಲ. ಮಂಡಿಗೆ ಕೆಡುಕು ಮಾಡಿದ್ದು ಗಂಟೆಗಟ್ಟಲೆ ಹಾಗೇ ಕೂತದ್ದು. ಕೂತು ಏಳುವ ಹತ್ತು ಸಲದ ಅಭ್ಯಾಸ ತೊಡೆಯ ಮುಂಭಾಗವನ್ನು ಬಲಪಡಿಸಿ ಮಂಡಿಯ ಹೊರೆಯನ್ನು ಹಂಚಿಕೊಳ್ಳುತ್ತದೆ. ನೆಲದಿಂದ ಏಳಲಾಗದವರು ಕುರ್ಚಿಯಿಂದ ಏಳಲಿ, ಅದೂ ಕಷ್ಟವಾದರೆ ಕುರ್ಚಿಯ ಮೇಲೆ ದಿಂಬು ಹಾಕಿ ಎತ್ತರ ಮಾಡಿಕೊಳ್ಳಲಿ, ತಿಂಗಳು ಕಳೆದಂತೆ ದಿಂಬು ತೆಳುವಾಗಲಿ. ಬಿ.ಪಿ., ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿ ಶುರು ಮಾಡಲಿ, ಏಳುವಾಗ ಉಸಿರು ಬಿಗಿ ಹಿಡಿಯದಿರಲಿ. ಜಗಳೂರಿನ ಕಡೆ ಮಾತ್ರ ಒಂದು ಎಚ್ಚರಿಕೆ ಬೇಕು. ಅಲ್ಲಿನ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅತಿಯಾಗಿರುವ ಊರುಗಳಿವೆ. ಅಂಥ ನೀರು ವರ್ಷಗಟ್ಟಲೆ ಕುಡಿದು ಕೀಲು ಬಿಗಿದವರಿಗೆ ಮುಪ್ಪಿನ ಹೆಸರು ಹೇಳಿ ಬಸ್ಕಿ ಹೊಡೆಯಿರಿ ಎನ್ನುವುದು ಅನ್ಯಾಯ. ಅವರಿಗೆ ಮೊದಲು ಬೇಕಾದದ್ದು ಶುದ್ಧ ನೀರು.

ಊಟದ ವಿಷಯ ಇಷ್ಟೇ: ಹಿರಿಯರು ರಾತ್ರಿ ಒಂದು ಹಿಡಿ ಮಂಡಕ್ಕಿಯನ್ನೋ ಗಂಜಿಯನ್ನೋ ತಿಂದು ಮಲಗುವ ರೂಢಿ ಸ್ನಾಯುವಿಗೆ ಏನೂ ಕೊಡುವುದಿಲ್ಲ. ಹುರುಳಿ, ಕಡಲೆ, ಶೇಂಗಾ, ಮೊಸರು, ತಿನ್ನುವವರಿಗೆ ಮೊಟ್ಟೆ, ಇವು ಮಕ್ಕಳ ತಟ್ಟೆಯಲ್ಲಿದ್ದಷ್ಟೇ ಮುದುಕರ ತಟ್ಟೆಯಲ್ಲೂ ಇರಬೇಕು.

ಇನ್ನು ಅಕ್ಕರೆಯ ಆಕ್ಷೇಪ. ವಯಸ್ಸಾಯಿತು, ಇನ್ನಾದರೂ ಕೂತುಕೊಳ್ಳಿ ಎಂದು ಮಕ್ಕಳು ಹೇಳುವುದರಲ್ಲಿ ಪ್ರೀತಿಯಿದೆ, ಜೀವಮಾನವಿಡೀ ದುಡಿದವರಿಗೆ ಸಲ್ಲಿಸುವ ಗೌರವವಿದೆ. ಕೊಡ ಕಸಿದುಕೊಂಡು ತಾವೇ ಹೊರುತ್ತಾರೆ, ಅಟ್ಟ ಹತ್ತಲು ಬಿಡುವುದಿಲ್ಲ. ಆ ಗೌರವ ಬೇಕು, ಅದಕ್ಕೆ ಇನ್ನೊಂದು ರೂಪ ಬೇಕು ಅಷ್ಟೆ. ಹಾಸಿಗೆ ಹಿಡಿದ ವಯಸ್ಸಾದವರ ಕಾಲಿನ ಸ್ನಾಯು ಹತ್ತೇ ದಿನದಲ್ಲಿ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಜ್ವರ ಬಿಟ್ಟ ಮೇಲೂ ಹಿರಿಯರನ್ನು ತಿಂಗಳು ಮಲಗಿಸಿಡುವ ನಮ್ಮ ವಾಡಿಕೆ ಅವರನ್ನು ಶಾಶ್ವತವಾಗಿ ಮಲಗಿಸಿಬಿಡುತ್ತದೆ. ತುಂಬಿದ ಕೊಡದ ಬದಲು ಅರ್ಧ ಕೊಡ ಕೊಡಿ. ಚನ್ನಗಿರಿ ಕೋಟೆಯ ಬೆಟ್ಟದ ರಂಗನಾಥನ ದರ್ಶನಕ್ಕೆ ಕರೆದೊಯ್ದಾಗ ಮೆಟ್ಟಿಲು ಹತ್ತಿಸಿ, ಬೇಕೆಂದಲ್ಲಿ ನಿಲ್ಲಿಸಿ, ಕೈ ಹಿಡಿದುಕೊಳ್ಳಿ.

ಕೊನೆಗೆ ಉಳಿಯುವ ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಸುಲಭದ ಉತ್ತರವಿಲ್ಲ. ಸುಲಿದಷ್ಟಕ್ಕೇ ಕೂಲಿ ಎಣಿಸಿಕೊಳ್ಳುವ ಹೆಂಗಸಿಗೆ, ದಿನದ ಕೊನೆಗೆ ಮನೆಗೆ ಹೋಗಿ ರೊಟ್ಟಿ ಬಡಿಯಬೇಕಾದವಳಿಗೆ, ಬಲದ ಅಭ್ಯಾಸ ಮಾಡಮ್ಮ ಎಂದು ಹೇಳಲು ಯಾರಿಗೆ ಬಾಯಿ ಬಂದೀತು? ಅವಳ ಮೈಗೆ ಬೇಕಾದ್ದನ್ನು ಅವಳ ಬಿಡುವಿನಲ್ಲಿ ಹುಡುಕುವುದೇ ತಪ್ಪು, ಬಿಡುವು ಅವಳಿಗಿಲ್ಲ. ಅದನ್ನು ಕೆಲಸದೊಳಗೇ ಹುಡುಕಬೇಕು. ಮೆಟ್ಟುಗತ್ತಿಯನ್ನು ಕುರ್ಚಿಯಲ್ಲಿ ಕೂತು ಬಳಸುವ ಎತ್ತರಕ್ಕೆ ಕೂರಿಸಬಹುದು. ಗಂಟೆಗೊಮ್ಮೆ ಎದ್ದು, ಸುಲಿದದ್ದನ್ನು ಬೇಯಿಸುವ ಹಂಡೆಯವರೆಗೆ ಹೊತ್ತು ಬರುವಂತೆ ಸರದಿ ಮಾಡಬಹುದು; ಕೂತ ಮೈಗೆ ಅದೇ ಸಾಮು. ಬೆರಳು ಸೋತ ಹಿರಿಯರನ್ನು ಒಣಗಿದ ಅಡಿಕೆ ಆರಿಸುವ ಕೆಲಸಕ್ಕೆ, ಅದೇ ಕೂಲಿಗೆ, ಹಾಕಬಹುದು. ಇದಕ್ಕೆಲ್ಲ ಖರ್ಚಿದೆ, ಸುಲಿಯುವುದು ಒಂದಿಷ್ಟು ನಿಧಾನವೂ ಆಗುತ್ತದೆ. ಕ್ವಿಂಟಲ್‌ಗೆ ಇಷ್ಟೆಂದು ತೋಟದವರೂ ಖೇಣಿದಾರರೂ ಮಾತು ಮುಗಿಸುವಾಗ ಸೌದೆ, ಸಾಗಣೆ, ಬೇಯಿಸುವ ಖರ್ಚು ಎಲ್ಲ ಲೆಕ್ಕಕ್ಕೆ ಬರುತ್ತದೆ. ಆ ಸಾಲಿನಲ್ಲೇ ಇದನ್ನೂ ಬರೆದುಕೊಳ್ಳಬೇಕು, ಮತ್ತು ಚನ್ನಗಿರಿಯ ತುಮ್ಕೋಸ್‌ನಂಥ ಬೆಳೆಗಾರರದೇ ಸಹಕಾರ ಸಂಘ ಅದನ್ನು ತನ್ನ ಸದಸ್ಯರ ಮುಂದಿಡಬೇಕು ಎಂಬುದು ನನ್ನ ಒತ್ತಾಯ.